ಊರಿನ ಹೆದರಿಕೆಗೆ ಮುಖ ಮಾಡುವ ಕಾಂಚನಮಾಲಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೇಬೀಡಿನ ಬಸ್ತಿಹಳ್ಳಿಯ ಮನೆಯೊಂದರ ಹಿತ್ತಿಲಿನಲ್ಲಿ, ಮೂರು ಕಲ್ಲಿನ ಒಲೆಯ ಮೇಲೆ ಹುಣಸೆಬೀಜದ ಅಂಟು ಕೊತಕೊತ ಕುದಿಯುತ್ತಿದೆ. ಪಕ್ಕದ ಹಗ್ಗದ ಮಂಚದ ಮೇಲೆ ಏಳು ಮಕ್ಕಳ ಮುಖಗಳು ಸಾಲಾಗಿ ಮಲಗಿವೆ. ಹಳೆಯ ಪೇಪರಿನ ಚೂರುಗಳನ್ನು ಪದರ ಪದರವಾಗಿ ಅಂಟಿಸಿ ಮಾಡಿದ ಮುಖಗಳು. ಎಲ್ಲದರ ಕಣ್ಣೂ ಮುಚ್ಚಿದೆ. ಮೂಗಿನ ಕೆಳಗೆ ಉಸಿರಾಟಕ್ಕೆಂದು ಬಿಟ್ಟ ಎರಡೆರಡು ತೂತು. ಮಲಗಿದ ಮಗುವಿನ ರೆಪ್ಪೆಯ ಉಬ್ಬನ್ನು ಬಲ್ಲ ಯಾವ ತಾಯಿಗಾದರೂ ಈ ಮಂಚದ ಮುಂದೆ ಒಂದು ಕ್ಷಣ ಎದೆ ಝಲ್ಲೆನ್ನುತ್ತದೆ.

"ಇದು ಹರ್ಷಿತಾ," ಎನ್ನುತ್ತಾರೆ ಕಾಂಚನಮಾಲಾ, ಮೂರನೆಯ ಮುಖದ ಕೆನ್ನೆ ಮುಟ್ಟಿ. "ನಗಬೇಡ ಕಣೇ ಅಂದ್ರೆ ಒಳಗೊಳಗೇ ನಗ್ತಿದ್ಲು. ನೋಡಿ, ಕೆನ್ನೆ ಮೇಲಕ್ಕೆ ಬಂದುಬಿಟ್ಟಿದೆ. ಇದಕ್ಕೆ ರೋಬೋಟಿನ ಬಣ್ಣ ಹೊಡೆದ್ರೆ, ನಗೋ ರೋಬೋಟು ಆಗ್ತದೆ."

ಅರವತ್ತು ಸಮೀಪಿಸಿರುವ ಕಾಂಚನಮಾಲಾ ನಾಟಕದ ವೇಷ ಮಾಡುವವರು. ರಾಜನ ಕಿರೀಟ, ಗದೆ, ಗಡ್ಡಗಳನ್ನು ಬಾಡಿಗೆಗೆ ಕೊಡುವ ಅಂಗಡಿಗಳು ಈ ಕಡೆ ಬೇಕಾದಷ್ಟಿವೆ. ಇವರ ಕೆಲಸ ಬೇರೆ. ಅರಸೀಕೆರೆ, ಬೇಲೂರು, ಹಳೇಬೀಡಿನ ಶಾಲೆಗಳು ಪ್ರತಿ ವರ್ಷ ವಿಜ್ಞಾನ ನಾಟಕ ಸ್ಪರ್ಧೆಗೆ ಹೊರಡುತ್ತವಲ್ಲ, ಆ ನಾಟಕಗಳ ಯಂತ್ರಮನುಷ್ಯರು, ಬೇರೆ ಗ್ರಹದವರು, ಮುಂದಿನ ಕಾಲದ ವಿಚಿತ್ರ ಪ್ರಾಣಿಗಳು ಹುಟ್ಟುವುದು ಈ ಹಿತ್ತಿಲಿನಲ್ಲಿ. ಬಹುಮಾನ ಬಂದರೆ ಫೋಟೋದಲ್ಲಿ ಮಕ್ಕಳು, ಮೇಷ್ಟ್ರು, ಮುಖ್ಯೋಪಾಧ್ಯಾಯರು ಇರುತ್ತಾರೆ. ವೇಷ ಮಾಡಿದವರು ಯಾರೆಂದು ಕೇಳಿದವರಿಲ್ಲ.

ಅವರ ಬಗ್ಗೆ ಬರೆಯಲು ಬಂದಿದ್ದ ನಾನು, ಮಾತು ಮುದ್ರಿಸಿಕೊಳ್ಳಲು ಮೊಬೈಲನ್ನು ಒಲೆಯ ಕಟ್ಟೆಯ ಮೇಲೆ ಇಟ್ಟೆ. ಅವರು ಅದರ ಮೇಲೊಂದು ಒಣ ತೆಂಗಿನ ಚಿಪ್ಪು ಕವುಚಿದರು.

"ನೀವು ಹೇಳಿದ್ದು ತಪ್ಪಾಗಿ ಬರೀಬಾರದಲ್ಲ, ಅದಕ್ಕೆ ಇಟ್ಟಿದ್ದು," ಎಂದೆ.

"ತಪ್ಪು ಬರೆದ್ರೆ ತಿದ್ಬೋದು. ನನ್ನ ದನಿ ಇದರೊಳಗಿಂದ ಎಲ್ಲಿಗೆ ಹೋಗಿ ಕೂರ್ತದೆ ಅಂತ ನಿಮಗೆ ಗೊತ್ತಾ?"

ಪೆನ್ನು ತೆಗೆದೆ.

ಅನುಮಾನ ಈ ಹೆಂಗಸಿನ ಬಂಡವಾಳ. ಹೊಸ ನಾಟಕಕ್ಕೆ ಕರೆ ಬಂದಾಗ 'ಎಂಥ ರಾಕ್ಷಸ ಬೇಕು' ಎಂದು ಇವರು ಮೇಷ್ಟ್ರನ್ನು ಕೇಳುವುದಿಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ಆ ಊರಿಗೆ ಹೋಗಿ, ಹಾಲಿನ ಡೈರಿಯ ಮುಂದೆ ಕೂರುತ್ತಾರೆ. ಹಾಲು ಹಾಕಲು ನಿಂತ ಹೆಂಗಸರು ಏನನ್ನು ನಂಬುತ್ತಿಲ್ಲ ಎಂದು ಕೇಳಿಸಿಕೊಳ್ಳುತ್ತಾರೆ. "ಮುಂದಿನ ಕಾಲದ ನಾಟಕ ಅಂತ ಮೇಷ್ಟ್ರುಗಳು ಬರೀತಾರೆ. ಮುಂದಿನ ಕಾಲ ಯಾರು ಕಂಡಿದ್ದಾರೆ? ಅದರೊಳಗೆ ಇರೋದೆಲ್ಲ ಈ ವರ್ಷದ ಹೆದರಿಕೆ. ಅದು ಗೊತ್ತಾದ್ರೆ ವೇಷ ತಾನಾಗೇ ಬರ್ತದೆ."

ಅಂಟು ಆರುವ ಹೊತ್ತಿಗೆ ಸೂರ್ಯ ಮೇಲೆ ಬಂದ. ಅಲ್ಲಿಯವರೆಗೆ ಅವರು ಬಾಯಿಗೆ ಒಂದು ಹನಿ ನೀರೂ ಹಾಕಿರಲಿಲ್ಲ. ಜೈನರ ಮನೆಯ ನೇಮ ಅದು, ರಾತ್ರಿಯೂ ಹಾಗೆಯೇ. ಚರ್ಮದಿಂದ ಮಾಡಿದ ಅಂಟನ್ನು ಇವರು ಮುಟ್ಟುವುದಿಲ್ಲ. ಅದಕ್ಕೇ ಈ ಹುಣಸೆಬೀಜ. ಇಲಿಗಳಿಗೆ ಈ ಅಂಟೆಂದರೆ ಪ್ರಾಣ. ಒಂದು ವರ್ಷ ಸ್ಪರ್ಧೆಯ ಹಿಂದಿನ ದಿನ ಬೇರೆ ಗ್ರಹದವನ ಮೂಗನ್ನು ಪೂರ್ತಿ ತಿಂದುಹಾಕಿದ್ದವು. ವಿಷ ಇಡುವಂತಿಲ್ಲ. ಬೋನಿಗೆ ಬಿದ್ದ ಇಲಿಯನ್ನು ಹೊಲದವರೆಗೆ ಹೊತ್ತುಕೊಂಡು ಹೋಗಿ ಬಿಟ್ಟು ಬರುತ್ತಾರೆ. "ನಾನು ವಾಪಸ್ ಬರೋದ್ರೊಳಗೆ ಅದು ಮನೇಲಿರ್ತದೆ," ಎಂದು ನಗುತ್ತಾರೆ. ಇವರ ನಾಟಕಗಳ ರಾಕ್ಷಸರೂ ಸಾಯುವುದಿಲ್ಲ. ಎಷ್ಟೇ ದೊಡ್ಡ ಮೇಷ್ಟ್ರು ಬರೆದಿರಲಿ, ಕೊಲ್ಲುವ ದೃಶ್ಯವಿದ್ದರೆ ವೇಷ ಕೊಡುವುದಿಲ್ಲ. "ನನ್ನ ರಾಕ್ಷಸನ್ನ ಬೈದು ಮನೆಗೆ ಕಳಿಸಿ" ಎನ್ನುತ್ತಾರೆ.

ಏಳು ಮುಖಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. ಅಂಟಿನ ಡಬ್ಬಿ, ಒಂದಿಷ್ಟು ಪೇಪರು ಮೇಲಿಟ್ಟರು. ಗೆಂಡೆಹಳ್ಳಿಯ ಪ್ರೌಢಶಾಲೆಯ ಮಕ್ಕಳ ಮುಖಗಳಿವು. ಹೋದ ವಾರ ಬೆಳ್ಳಂಬೆಳಗ್ಗೆ ಶಾಲೆಯ ಜಗುಲಿಯಲ್ಲಿ ಕೂರಿಸಿ ಅಚ್ಚು ತೆಗೆದಿದ್ದರು. ನಿದ್ದೆಗಣ್ಣಿನ ಮಕ್ಕಳು ಅಲ್ಲಾಡುವುದಿಲ್ಲ ಎಂಬುದು ಅವರ ಲೆಕ್ಕ. ಅಲ್ಲಿನ ವಿಜ್ಞಾನದ ಮೇಷ್ಟ್ರು ಉಮಾಶಂಕರ್ ಈ ಸಲ ಊರನ್ನು ಉದ್ಧಾರ ಮಾಡುವ ಏಳು ರೋಬೋಟುಗಳ ನಾಟಕ ಬರೆದಿದ್ದಾರೆ. ಇವತ್ತು ಮುಖಗಳನ್ನು ಮಕ್ಕಳಿಗೆ ಹಾಕಿ ಅಳತೆ ನೋಡಬೇಕು.

ಬೇಲೂರಿನಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ಹಳೆಯ ಕತೆಗಳು ಹೊರಟವು. ಅಪ್ಪ ನೇಮಿಚಂದ್ರ ಊರಿನ ನಾಟಕಗಳಿಗೆ ಕಿರೀಟ, ಗಡ್ಡ ಬಾಡಿಗೆಗೆ ಕೊಡುತ್ತಿದ್ದರು. ಎಪ್ಪತ್ತೊಂಬತ್ತರಲ್ಲಿ ಸ್ಕೈಲ್ಯಾಬ್ ಎಂಬುದು ಆಕಾಶದಿಂದ ಬೀಳುತ್ತದೆ ಎಂಬ ಸುದ್ದಿ ಬಂತು. ನಮ್ಮ ಮೇಲೇ ಬೀಳುತ್ತದೆ ಎಂದು ಎಲ್ಲ ಊರುಗಳೂ ತೀರ್ಮಾನಿಸಿಬಿಟ್ಟವು. ನಾಳೆ ಇರುತ್ತೇವೋ ಇಲ್ಲವೋ ಎಂದು ಜನ ಇದ್ದ ಕೋಳಿಗಳನ್ನೆಲ್ಲ ಕೊಯ್ದು ಉಂಡರು. "ಸ್ಕೈಲ್ಯಾಬಿನಿಂದ ನಮ್ಮ ಕಡೆ ಸತ್ತಿದ್ದು ಕೋಳಿ ಮಾತ್ರ," ಎನ್ನುತ್ತಾರೆ ಕಾಂಚನಮಾಲಾ, ಇವತ್ತಿಗೂ ಸ್ವಲ್ಪ ಕೋಪದಿಂದಲೇ. ಆ ವರ್ಷ ಶಾಲೆಯಲ್ಲಿ ಆಕಾಶದಿಂದ ಬೀಳುವ ಭೂತದ ನಾಟಕ ಆಡಿಸಿದರು. ಅಪ್ಪನ ಪೆಟ್ಟಿಗೆಯಲ್ಲಿ ಅದಕ್ಕೆ ಹೊಂದುವ ವೇಷವಿರಲಿಲ್ಲ. ಹೈಸ್ಕೂಲಿನ ಹುಡುಗಿ ಕಾಂಚನಮಾಲಾ ಬಿದಿರಿನ ಮಂಕರಿ ಬುಟ್ಟಿಗೆ ಬಿಸ್ಕತ್ತಿನ ಡಬ್ಬದ ತಗಡು ಹೊಡೆದು ಒಂದು ಮೈ ಮಾಡಿದಳು. ಅದು ವೇದಿಕೆಗೆ ಬಂದಾಗ ಮುಂದಿನ ಸಾಲಿನಲ್ಲಿದ್ದ ಪಟೇಲರು ಎದ್ದು ಹಿಂದಿನ ಸಾಲಿಗೆ ಹೋದರಂತೆ.

ಆಮೇಲೆ ಹೆದರಿಕೆ ಬದಲಾದಂತೆಲ್ಲ ವೇಷವೂ ಬದಲಾಯಿತು. ಟಿವಿ ಆಂಟೆನಾಗಳು ಬಂದಾಗ ಮನೆಯ ಗುಟ್ಟು ಕದ್ದು ಕೇಳುವ ಕೊಂಬಿನ ಪ್ರಾಣಿ. ಅರಸೀಕೆರೆಯ ತೋಟಗಳಿಗೆ ನುಸಿ ರೋಗ ಬಂದು ಎಳನೀರುಗಳು ಸುರುಟಿದಾಗ, ಅದನ್ನು ಯಾರೋ ಹೊರದೇಶದಿಂದ ಪೊಟ್ಟಣದಲ್ಲಿ ಕಟ್ಟಿ ಕಳಿಸಿದ್ದಾರೆ ಎಂದು ಜನ ಪಿಸುಗುಟ್ಟಿದರು. ಆ ವರ್ಷ ಅರಸೀಕೆರೆಯ ಹುಡುಗನೊಬ್ಬ ತೆಂಗಿನ ಚಿಪ್ಪುಗಳ ಮೈ ಹೊತ್ತು, ಪೊಟ್ಟಣದಿಂದ ಹೊರಬಂದ. ಕೊರೋನಾ ಕಳೆದು ಶಾಲೆ ತೆರೆದ ವರ್ಷ ಇವರು ವೇಷವನ್ನೇ ಮಾಡಲಿಲ್ಲ. ಹಗ್ಗಕ್ಕೆ ಒಂದು ಖಾಲಿ ಅಂಗಿ ನೇತುಹಾಕಿದರು, ಅಷ್ಟೇ. ಮಕ್ಕಳು ಅದರಿಂದ ದೂರ ದೂರ ನಿಂತು ಮಾತಾಡಿದರು. "ಆ ಸಲದ ರಾಕ್ಷಸನಿಗೆ ಮೈ ಇರಲಿಲ್ಲ. ಇಲ್ಲದ್ದನ್ನ ನಾನು ಹೆಂಗೆ ಹೊಲೀಲಿ? ಯಾರೂ ನಗಲಿಲ್ಲ ಆ ನಾಟಕಕ್ಕೆ. ಒಂದು ಮಗು ಮಾತ್ರ ಅತ್ತಿತು, ಅದು ಅವರಪ್ಪನ ಅಂಗಿ ಥರ ಇದೆ ಅಂತ."

ಈ ಸಲದ ಹೆದರಿಕೆ ಯಾವುದು ಎಂದು ಕೇಳಿದೆ. "ಅದೇ ಗೊತ್ತಾಗ್ತಿಲ್ಲ. ಈ ವರ್ಷ ಉಮಾಶಂಕರ್ ಮೇಷ್ಟ್ರು ನಾಟಕ ಮೊದಲೇ ಬರೆದುಬಿಟ್ರು, ನಾನು ಡೈರಿ ಹತ್ರ ಕೂರಲಿಲ್ಲ. ಆ ರೋಬೋಟುಗಳು ಬಹಳ ಒಳ್ಳೆಯವು. ಒಂದೂ ಸುಳ್ಳು ಹೇಳಲ್ಲ. ನನಗೆ ಅದೇ ಅನುಮಾನ."

ಗೆಂಡೆಹಳ್ಳಿಯಲ್ಲಿ ಇಳಿದಾಗ ಡೈರಿಯ ಮುಂದೆ ಎಂದಿನ ಜಗಳ ನಡೆಯುತ್ತಿತ್ತು. ಹಾಲು ಅಳೆಯುವ ಹೊನ್ನಯ್ಯನ ಎದುರು ರುದ್ರಮ್ಮ ಎಂಬ ಹಿರಿಯ ಹೆಂಗಸು ಕ್ಯಾನು ಹಿಡಿದು ನಿಂತಿದ್ದರು.

"ಹಸ ಅದೇ, ಹುಲ್ಲು ಅದೇ. ಫ್ಯಾಟು ಮಾತ್ರ ದಿನಕ್ಕೊಂದು. ಹೆಂಗ್ಲಾ ಅದು?"

"ಮಿಷಿನ್ನು ತೋರ್ಸಿದ್ದ ನಾನ್ ಹೇಳ್ತೀನಿ ಕಣವ್ವ."

"ಮಿಷಿನ್ಗೆ ನಾಲ್ಗೆ ಐತಾ? ಹೇಳ್ತಿರೋದು ನಿನ್ ನಾಲ್ಗೆ."

ಕಾಂಚನಮಾಲಾ ನಗುತ್ತ ಹತ್ತಿರ ಹೋದರು. ಅವರನ್ನು ಕಂಡೊಡನೆ ಜಗಳ ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುದ್ರಮ್ಮ ಕ್ಯಾನನ್ನು ನೆಲಕ್ಕಿಟ್ಟು ದಾರಿಗೆ ಅಡ್ಡ ಬಂದರು.

"ಕಾಂಚನಮ್ಮೋರೇ, ಸ್ಕೂಲ್ ತಾವ ಹೋಗ್ಬ್ಯಾಡಿ. ಆ ಚೀಲ ಇಲ್ಲಿ ಇಳುಕಿ."

ವಿಷಯ ಇಷ್ಟು. ಎರಡು ದಿನದ ಹಿಂದೆ ತಾಯಂದಿರ ಮೊಬೈಲುಗಳಿಗೆ ಯಾರದೋ ದನಿಯ ಸಂದೇಶ ಬಂದಿದೆ. ವೇಷದ ನೆಪದಲ್ಲಿ ಒಬ್ಬ ಹೆಂಗಸು ಶಾಲೆಗಳಿಗೆ ಬಂದು ಮಕ್ಕಳ ಮುಖದ ಅಚ್ಚು ತೆಗೆದು ಮಾರುತ್ತಿದ್ದಾಳೆ, ಎಚ್ಚರ, ಎನ್ನುತ್ತದೆ ಆ ದನಿ. ಹೇಳಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅರೇಹಳ್ಳಿಯ ಶಾಲೆಯೊಂದು ಆಗಲೇ ಇವರನ್ನು ಕರೆಸುವುದು ಬೇಡ ಎಂದು ತೀರ್ಮಾನಿಸಿದೆಯಂತೆ. ಇಂಥ ಸಂದೇಶ ನಂಬಿ ಗುರುತಿಲ್ಲದವರನ್ನು ಹಿಡಿದು ಹೊಡೆದ ಸುದ್ದಿಗಳನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿದ್ದ ಹೆಂಗಸರಲ್ಲಿ ಕೆಲವರು ನನ್ನ ಚೀಲವನ್ನೂ ನೋಡುತ್ತಿದ್ದರು.

ಕಾಂಚನಮಾಲಾ ಚೀಲ ಇಳಿಸಿ, ಸೀರೆಯ ತುಂಡು ಬಿಚ್ಚಿದರು. ಏಳು ಮುಖಗಳು ಬಿಸಿಲಿಗೆ ಬಂದವು. ರುದ್ರಮ್ಮನ ಸೊಸೆ ನಯನಾ, ಹರ್ಷಿತಾಳ ತಾಯಿ, ಮಗಳ ಮುಖವನ್ನು ನೋಡಿದ ಕೂಡಲೇ ಗುರುತು ಹಿಡಿದು ಎತ್ತಿಕೊಂಡಳು. ಮಗುಚಿ ಒಳಗೆ ನೋಡಿದವಳೇ ಕಿರುಚಿದಳು.

"ಅತ್ತೆ, ಇಲ್ಲಿ ನೋಡಿ!"

ಮುಖದ ಒಳಬದಿಯಲ್ಲಿ, ಸರಿಯಾಗಿ ಕೆನ್ನೆಯ ಹಿಂದೆ, ಪೇಪರಿನ ಒಂದು ಚೂರು. ಅದರ ಮೇಲೆ ಚಿಕ್ಕ ಹುಡುಗಿಯ ಮಸುಕು ಫೋಟೋ, ಅದರಡಿ ದಪ್ಪ ಅಕ್ಷರದಲ್ಲಿ 'ಕಾಣೆಯಾಗಿದ್ದಾಳೆ'.

ಹೆಂಗಸರು ಬಗ್ಗಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಹೊನ್ನಯ್ಯ ಅಳೆಯುವುದು ಬಿಟ್ಟು ಈಚೆ ಬಂದ. ಕಾಂಚನಮಾಲಾ ಆ ಚೂರನ್ನು ಕಣ್ಣ ಹತ್ತಿರ ಹಿಡಿದು ಓದಿದರು.

"ರದ್ದಿ ಪೇಪರು ತಾಯಿ, ಅರಸೀಕೆರೆಯಿಂದ ತರ್ತೀನಿ. ನಾನು ಪೇಪರು ಓದೋದಿಲ್ಲ, ಅಂಟಿಸ್ತೀನಿ. ಯಾವುದರ ಮೇಲೆ ಏನಿದೆ ಅಂತ ನೋಡ್ಬೇಕಿತ್ತು. ನೋಡಲಿಲ್ಲ."

"ಎಲ್ಲಾರೂ ಹಂಗೇ ಅಂತಾರೆ," ಎಂದಳು ನಯನಾ. "ಚಿಕ್ ಮಗೀಗೆ ಕೊಡೋ ಪೌಷ್ಟಿಕ ಆಹಾರಕ್ಕೆ ಅಂಗನವಾಡಿಗೆ ಹೋದೆ. ಮುಖ ತೋರ್ಸು ಅಂದ್ರು. ಮೊಬೈಲ್ಗೆ ತೋರ್ಸಿದೆ, ಹಳೇ ಫೋಟೋಗೆ ಹೊಂದ್ಬೇಕಂತೆ. ಕಾಮಾಲೆ ಬಂದು ಇಳ್ದೋಗಿದ್ದೆನಲ್ಲ, ಅದು ನಾನಲ್ಲ ಅಂತು. ಅಂಗನವಾಡಿ ಅಕ್ಕ ನನ್ನ ಮದ್ವೆಯಾಗಿ ಬಂದಾಗಿಂದ ನೋಡವ್ರೆ. 'ನೀನೇ ಅಂತ ನಂಗೊತ್ತು ಕಣಮ್ಮ, ಇದಕ್ಕೆ ಗೊತ್ತಾಗ್ತಿಲ್ಲ' ಅಂತ ಬರಿಗೈಲಿ ಕಳ್ಸಿದ್ರು. ನಾನು ಮುಂದೆ ನಿಂತಿದ್ರೂ ನಾನಲ್ಲ. ಹಂಗಾದ್ರೆ ನನ್ ಮಗಳ ಮುಖ ನಿಮ್ ಚೀಲದಲ್ಲಿದ್ರೆ, ಅದನ್ನ ತೋರ್ಸಿದ್ರೆ, ಅದೇ ಅವಳು ಅಂತ ಮೊಬೈಲು ಒಪ್ಕೊಂಡ್ಬಿಟ್ರೆ?"

ಪೇಪರಿನ ಮುಖ ಯಂತ್ರಕ್ಕೆ ಮೋಸ ಮಾಡುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಆದರೆ ತಾಯಿಯನ್ನು ತಾಯಿಯಲ್ಲ ಎಂದ ಯಂತ್ರದ ಬಗ್ಗೆ ಆ ತಾಯಿಗೆ ಅನುಮಾನ ಬಂದರೆ ಅದನ್ನು ಮೂಢನಂಬಿಕೆ ಎನ್ನಲು ಮನಸ್ಸು ಬರಲಿಲ್ಲ.

ಕಾಂಚನಮಾಲಾ ಅವಳನ್ನೇ ನೋಡುತ್ತಿದ್ದರು. ಬೋರಲು ಹಾಕಿದ್ದ ಒಂದು ಕ್ಯಾನಿನ ಮೇಲೆ ಕುಳಿತರು. ಓಡಿಹೋಗುವವರು ಹಾಗೆ ಕೂರುವುದಿಲ್ಲ.

"ಇನ್ನೂ ಹೇಳ್ರಮ್ಮ. ಈ ಮುಖಗಳನ್ನ ತಗೊಂಡೋಗಿ ನಾನು ಏನೇನು ಮಾಡ್ತೀನಿ?"

ಮೊದಲು ಇದೊಂದು ನಾಟಕವೇನೋ ಎಂದು ಹೆಂಗಸರು ದೂರ ಸರಿದರು. ಆಮೇಲೆ ಒಬ್ಬೊಬ್ಬರೇ ಹೇಳತೊಡಗಿದರು. ಆ ಮುಖಕ್ಕೆ ಬೇರೆ ಮೈ ಅಂಟಿಸಿ ಕೆಟ್ಟ ವಿಡಿಯೋ ಮಾಡುತ್ತಾರೆ. ಮಗಳ ಮುಖ ತೋರಿಸಿ, ಮಗಳ ದನಿಯಲ್ಲೇ ಫೋನ್ ಮಾಡಿ 'ಅವ್ವ, ಆಸ್ಪತ್ರೆಲಿದ್ದೀನಿ' ಎನ್ನುತ್ತಾರೆ. ಮುಂದೆ ಮನೆ ಬಾಗಿಲಿಗೂ ಮುಖದ ಬೀಗ ಬರುತ್ತದಂತೆ, ಆಗ ನಮ್ಮ ಮನೆಗೆ ಅವರು ನುಗ್ಗುತ್ತಾರೆ, ನಾವು ಬೀದಿಯಲ್ಲಿ. ರುದ್ರಮ್ಮ ಕೊನೆಯಲ್ಲಿ, "ನಮ್ ಮುಖ ಕಂಡ್ರೆ ಬಾಗ್ಲೇ ಹಾಕ್ಕತಾವೆ," ಎಂದರು. ಯಾರೋ ನಕ್ಕರು. ನಕ್ಕ ಮೇಲೆ ಮತ್ತೆ ಎಲ್ಲರೂ ಗಂಭೀರವಾದರು.

"ಆಯ್ತು," ಎಂದರು ಕಾಂಚನಮಾಲಾ. "ಈ ವರ್ಷದ ಹೆದರಿಕೆ ಇದೇ. ನಾನು ಎಲ್ಲೆಲ್ಲೋ ಹುಡುಕ್ತಿದ್ದೆ. ಅದು ನಾನೇ." ಆಮೇಲೆ ಮುಖಗಳನ್ನು ಒಂದೊಂದಾಗಿ ಎತ್ತಿ, ಯಾರದು ಎಂದು ಕೇಳಿ, ಆಯಾ ತಾಯಿಯ ಕೈಗೆ ಕೊಟ್ಟರು. "ಮಕ್ಕಳ ಮುಖ ಬೇಡ. ರೋಬೋಟೂ ಬೇಡ. ನೀವು ಹೇಳಿದ್ರಲ್ಲ, ಆ ಹೆಂಗಸಿನ ಮುಖ ಬೇಕು ನನಗೆ. ರುದ್ರಮ್ಮೋರೇ, ಈ ಡಬ್ಬೀಲಿ ಅಂಟಿದೆ, ಪೇಪರಿದೆ. ನನ್ನ ಮುಖ ತೆಗೀರಿ."

ಹೊನ್ನಯ್ಯ ಒಳಗಿಂದ ಕೊಬ್ಬರಿ ಎಣ್ಣೆ ತಂದುಕೊಟ್ಟ. ಕಾಂಚನಮಾಲಾ ಮುಖಕ್ಕೆ ಸವರಿಕೊಂಡು ಕಣ್ಣು ಮುಚ್ಚಿದರು. ರುದ್ರಮ್ಮ ಸೆರಗು ಸಿಕ್ಕಿಸಿ, ಬೆರಣಿ ತಟ್ಟುವವರ ಹಾಗೆ ಅಂಟಿನಲ್ಲಿ ಕೈ ಅದ್ದಿದರು.

"ಪೇಪರ್ನಾಗೆ ಕಾಣೆಯಾದೋರು ಯಾರಾರ ಅವ್ರಾ ನೋಡ್ಕೊಡ್ರೇ ಮೊದ್ಲು."

ನಯನಾ ಒಂದೊಂದೇ ಚೂರನ್ನು ಎರಡೂ ಕಡೆ ಓದಿ ಅತ್ತೆಯ ಕೈಗೆ ಕೊಟ್ಟಳು. ಹಣೆ ಮುಚ್ಚಿತು, ಕೆನ್ನೆ ಮುಚ್ಚಿತು, ಬಾಯಿ ಮುಚ್ಚಿತು. ಇನ್ನು ಪೇಪರು ಬಿಗಿಯುವವರೆಗೆ ಅವರು ಅಲುಗಾಡುವಂತಿಲ್ಲ, ಮಾತಾಡುವಂತಿಲ್ಲ.

"ಈಗ ಏನ್ ಕೇಳ್ಬೇಕೋ ಕೇಳ್ರೇ," ಎಂದರು ರುದ್ರಮ್ಮ.

"ಬಾಯೇ ಇಲ್ವಲ್ಲ ಅತ್ತೆ, ಉತ್ತರ ಹೇಳಾಕೆ?"

"ಅದ್ಕೇ ಕೇಳು ಅಂದಿದ್ದು. ಬಾಯಿರೋರು ಹೇಳೋ ಉತ್ತರ ಕೇಳಿ ಕೇಳಿ ಸಾಕಾಗೈತೆ."

ಕ್ಯಾನುಗಳು ತುಂಬಿದ್ದವು, ಹಾಲಿನ ವ್ಯಾನು ಬಂದು ಹಾರ್ನು ಹೊಡೆಯುತ್ತಿತ್ತು, ಹೆಂಗಸರು ಆ ಮುಚ್ಚಿದ ಮುಖದ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತು ಕೇಳಬೇಕಾದದ್ದನ್ನೆಲ್ಲ ಕೇಳಿದರು. ಮಕ್ಕಳಿಲ್ಲದ ನಿಮಗೆ ಮಕ್ಕಳ ಮೇಲೆ ಯಾಕಿಷ್ಟು ಆಸೆ ಎಂದು ಒಬ್ಬಳು ಕೇಳಿದಳು. ಕ್ಯಾನಿನ ಮೇಲೆ ಕುಳಿತವರ ಎರಡೂ ಕೈ ಮಡಿಲಲ್ಲಿ ಬಿಗಿಯಾದವು. ರುದ್ರಮ್ಮ ಕೇಳಿದವಳ ಕಡೆ ತಿರುಗಿ, "ಅದನ್ನ ಕೇಳ್ಬಾರದು ಕಣೇ," ಎಂದರು. ನಯನಾ ಬಗ್ಗಿ, ಮೂಗಿನ ಹೊಳ್ಳೆಗೆ ಅಂಟಿಕೊಂಡಿದ್ದ ಒಂದು ಸಣ್ಣ ಚೂರನ್ನು ಕಿತ್ತು ತೆಗೆದಳು. ಉಸಿರು ಸರಾಗವಾಗಿದೆಯೇ ಎಂದು ಬೆರಳು ಹಿಡಿದು ನೋಡಿದಳು.

ಶಾಲೆಯಲ್ಲಿ ಉಮಾಶಂಕರ್ ಮೇಷ್ಟ್ರಿಗೆ ರೋಬೋಟು ಬಿಟ್ಟು ಆ ಹೆಂಗಸಿನ ಮೇಲೆ ನಾಟಕ ಮಾಡುವುದು ರುಚಿಸಲಿಲ್ಲ. "ಅಮ್ಮಾ, ಜಡ್ಜುಗಳು ಇಲಾಖೆಯವರೇ. ಇಡೀ ಜಿಲ್ಲೆಗೆ ಮೊಬೈಲಿಗೆ ಮುಖ ತೋರ್ಸೋ ಹಾಜರಾತಿ ಬರ್ತಿದೆ ಅಂತಿದ್ದಾರೆ. ಈಗ ಮುಖದ ವ್ಯಾಪಾರಿ ಅಂತ ನಾಟಕ ಆಡ್ಸಿದ್ರೆ ನನ್ನನ್ನ ಏನಂದ್ಕೊಳ್ತಾರೆ? ನಿಮ್ಮ ಹಿಂದೆ ಯಾರಾದ್ರೂ ಇದ್ದಾರಾ?" ಎಂದು ಅವರೂ ಅನುಮಾನಪಟ್ಟರು. ಮೇಷ್ಟ್ರು ಒಳ್ಳೆಯವರು, ವರ್ಗಾವಣೆಯ ಭಯ ಯಾರಿಗಿಲ್ಲ? ಕೊನೆಗೆ ತೀರ್ಮಾನಿಸಿದ್ದು ಬಾಗಿಲಲ್ಲಿ ನಿಂತಿದ್ದ ಹರ್ಷಿತಾ. "ಸಾರ್, ನಿಮ್ ರೋಬೋಟ್ ಕಂಡ್ರೆ ಯಾರೂ ಹೆದರಲ್ಲ ಸಾರ್. ಅದು ಬರೀ ಗುಡ್ ಮಾರ್ನಿಂಗ್ ಹೇಳುತ್ತೆ." ಮಕ್ಕಳು ಗೊಳ್ಳೆಂದರು. ಮೇಷ್ಟ್ರು ಹೊಸ ನಾಟಕ ಬರೆಯಲು ಒಪ್ಪಿದರು. ಬರೆದದ್ದರಲ್ಲಿ ಅರ್ಧದಷ್ಟು ಮಾತು ಡೈರಿಯ ಮುಂದೆ ಹೆಂಗಸರು ಆಡಿದವೇ.

ಬೇಲೂರಿನ ಸ್ಪರ್ಧೆಯ ದಿನ ಗೆಂಡೆಹಳ್ಳಿಯ ತಾಯಂದಿರು ಹಾಲು ಹಾಕಿ, ಮನೆಗೆಲಸ ಮುಗಿಸಿ, ಬಸ್ಸು ಹತ್ತಿ ಬಂದರು. ಮಕ್ಕಳನ್ನು ನೋಡಲು ಎಂದು ಹೇಳಿಕೊಂಡರೂ, ಅವರ ಕಾವಲಿಗೆ ಬಂದಿದ್ದರು ಎಂದು ನನಗನ್ನಿಸಿತು. ನಾಟಕದಲ್ಲಿ ಮುಖದ ವ್ಯಾಪಾರಿ ಊರಿಗೆ ಬಂದು, ಮಿಠಾಯಿ ಕೊಟ್ಟು ಮಕ್ಕಳ ಮುಖ ಕೇಳುತ್ತಾಳೆ. ಕೊಟ್ಟ ಮಕ್ಕಳಿಗೆ ಸಂಜೆ ತಮ್ಮ ಮನೆಯ ಬಾಗಿಲೇ ತೆರೆಯುವುದಿಲ್ಲ. ಬಾಗಿಲು 'ನೀನು ಯಾರು' ಎನ್ನುತ್ತದೆ. ಕೊನೆಗೆ ಒಬ್ಬ ಕಣ್ಣು ಕಾಣದ ಅಜ್ಜಿ ಹಿಂಬಾಗಿಲಿನಿಂದ ಬಂದು, ಮೊಮ್ಮಗಳ ತಲೆ ಸವರಿ, ಹೇನು ಹೆಕ್ಕುವಾಗ ಬೆರಳಿಗೆ ತಾಕುತ್ತಿದ್ದ ಹಳೆಯ ಗಾಯದ ಗುರುತಿನಿಂದ ಅವಳನ್ನು ಒಳಗೆ ಕರೆದುಕೊಳ್ಳುತ್ತಾಳೆ. ವ್ಯಾಪಾರಿಯನ್ನು ಯಾರೂ ಹೊಡೆಯುವುದಿಲ್ಲ. ಅವಳ ಚೀಲ ಖಾಲಿ ಮಾಡಿಸಿ ಮನೆಗೆ ಕಳಿಸುತ್ತಾರೆ.

ವ್ಯಾಪಾರಿ ಹರ್ಷಿತಾ. ಅವಳು ಹಾಕಿದ್ದು ಕಾಂಚನಮಾಲಾರ ಮುಖ. ಬಣ್ಣ ಬಹಳ ಇಲ್ಲ, ಕೊಂಬಿಲ್ಲ, ಕೋರೆಯಿಲ್ಲ. ನಮ್ಮ ನಿಮ್ಮಂಥ ಒಬ್ಬ ಹೆಂಗಸು, ಕಣ್ಣು ಮಾತ್ರ ಮುಚ್ಚಿದೆ, ನೋಡಲು ರೆಪ್ಪೆಯಡಿ ಒಂದು ಸಣ್ಣ ಸೀಳು. ಕೊನೆಗೆ ಅವಳು ವೇದಿಕೆ ಇಳಿದು ಜನರ ನಡುವೆ ಹಾದು ಹೊರಗೆ ಹೋಗಬೇಕು. ಹಾಗೆ ಹೋಗುವಾಗ ಜನ ತಾವಾಗಿಯೇ ಕಾಲು ಹಿಂದೆಳೆದುಕೊಂಡರು. ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಕಾಂಚನಮಾಲಾರ ಮುಂದೆಯೇ ಅವರ ಮುಖ ಹಾದುಹೋಯಿತು.

"ಒಬ್ಬಳು ನನ್ನ ಮುಖ ನೋಡಿ ಮಗೂನ ಸೆರಗಿನೊಳಗೆ ಎಳ್ಕೊಂಡ್ಲು," ಎಂದರು ಆಮೇಲೆ.

"ಬೇಜಾರಾಯ್ತಾ?"

"ಆಯ್ತು. ಕೆಲಸ ಚೆನ್ನಾಗಿ ಬಂದಿದೆ ಅಂತಾನೂ ಅನ್ನಿಸ್ತು."

ತೀರ್ಪುಗಾರರೊಬ್ಬರು ಮೈಕು ಹಿಡಿದು, ಇದರಲ್ಲಿ ವಿಜ್ಞಾನ ಎಲ್ಲಿದೆ ಎಂದು ಕೇಳಿದರು. ಹರ್ಷಿತಾ ಪೇಪರಿನ ಮುಖವನ್ನು ಹಣೆಯ ಮೇಲೆತ್ತಿಕೊಂಡು, "ಪ್ರಶ್ನೆ ಕೇಳೋದೇ ವಿಜ್ಞಾನ ಅಂತ ನಮ್ಮ ಸಾರ್ ಹೇಳವ್ರೆ ಸಾರ್," ಎಂದಳು. ಉಮಾಶಂಕರ್ ಮೇಷ್ಟ್ರು ಪರದೆಯ ಹಿಂದೆ ಸರಿದರು. ಮೊದಲ ಬಹುಮಾನ ಬೇರೆ ಶಾಲೆಯ ರೋಬೋಟಿಗೆ ಹೋಯಿತು. ಇವರಿಗೆ ಸಮಾಧಾನಕರ ಬಹುಮಾನ.

ಬಹುಮಾನದ ಚಿಂತೆ ಕಾಂಚನಮಾಲಾರಿಗೆ ಇರಲಿಲ್ಲ. ಚಿಂತೆ ಬೇರೆ ಇತ್ತು. ಆ ದನಿಯ ಸಂದೇಶ ಇನ್ನೂ ಊರಿಂದೂರಿಗೆ ತಿರುಗುತ್ತಲೇ ಇತ್ತು. ಅರೇಹಳ್ಳಿಯವರು ಮನಸ್ಸು ಬದಲಿಸಿರಲಿಲ್ಲ. ವಾರ್ಷಿಕೋತ್ಸವಕ್ಕೆ ಗೆಂಡೆಹಳ್ಳಿ ಶಾಲೆ ಇನ್ನೊಂದು ನಾಟಕ ಆಡಿಸುತ್ತದೆ, ಅದಕ್ಕೆ ಮಕ್ಕಳ ಮುಖದ ಅಚ್ಚು ಬೇಕು. ಅಲ್ಲಿನ ತಾಯಂದಿರೂ ಒಲ್ಲೆ ಎಂದರೆ? "ದೂರದೋರು ಬೇಡ ಅಂದ್ರೆ ತಡ್ಕೋಬೋದು. ನನ್ನನ್ನ ಕಣ್ಣಾರೆ ಕಂಡೋರೇ ಬೇಡ ಅಂದ್ಮೇಲೆ, ಆ ದನಿ ಹೇಳಿದ್ದೇ ನಿಜ ಅಂತ ಆಗ್ತದೆ. ಆಮೇಲೆ ಯಾವ ಶಾಲೆ ಮೆಟ್ಟಿಲೂ ಹತ್ತಂಗಿಲ್ಲ," ಎಂದಿದ್ದರು.

ಮೊನ್ನೆ ಮತ್ತೆ ಅದೇ ಮೊದಲ ಬಸ್ಸಿನಲ್ಲಿ ಅವರೊಡನೆ ಹೋದೆ. ಡೈರಿಯ ಮುಂದೆ ರುದ್ರಮ್ಮ ಇದ್ದರು. ಸ್ಪರ್ಧೆ ಮುಗಿದ ಮೇಲೆ ವ್ಯಾಪಾರಿಯ ಮುಖವನ್ನು ಹರ್ಷಿತಾ ಮನೆಗೆ ಒಯ್ದಿದ್ದಳು. ಕಾಂಚನಮಾಲಾ ಅದನ್ನು ವಾಪಸ್ ಕೇಳಿದರು. ಅಚ್ಚು ಇದ್ದರೆ ಮುಂದೆ ಯಾವುದಕ್ಕಾದರೂ ಆಗುತ್ತದೆ.

"ಕೊಡಾಕಿಲ್ಲ," ಎಂದರು ರುದ್ರಮ್ಮ.

"ಯಾಕೆ?"

"ನಿಮ್ಗೆ ನಮ್ ಹುಡುಗ್ರ ಮುಖ ಬೇಕೋ ಬ್ಯಾಡ್ವೋ?"

"ಬೇಕು."

"ಹಂಗಾರೆ ನಿಮ್ದು ನಮ್ ಗೋಡೆ ಮ್ಯಾಲೆ ಇರ್ಲಿ. ಒತ್ತೆ. ನಮ್ ಹುಡುಗ್ರ ಮುಖಕ್ಕೆ ಏನಾರ ಆಯ್ತೋ, ಈ ಮುಖ ಹಿಡ್ಕೊಂಡು ಬಸ್ತಿಹಳ್ಳಿಗೇ ಬತ್ತೀನಿ. ಕೆಲ್ಸ ಮುಗುದ್ಮ್ಯಾಲೆ ಅವ್ರದ್ದು ಅವ್ರಿಗೆ ಕೊಟ್ಬುಡಬೇಕು." ಕ್ಯಾನು ಎತ್ತಿಕೊಂಡರು. "ಮೊನ್ನೆ ಒಬ್ಬ ಬಂದಿದ್ದ, ಹಾಜ್ರಿಗೆ ಹುಡುಗ್ರ ಮುಖ ಹಿಡ್ಕತೀನಿ ಅಂತ, ಮೊಬೈಲ್ ತಕ್ಕೊಂಡು. ನಿನ್ ಮುಖ ಯಾರ್ ತಾವ ಬಿಟ್ಟೋಯ್ತೀಯಪ್ಪ ಅಂದೆ. ನಕ್ಕ. ನಗೋ ಮಾತಾ ಇದು?"

ಶಾಲೆಯ ಜಗುಲಿಯಲ್ಲಿ ಮಕ್ಕಳು ಆಕಳಿಸುತ್ತ ಬಂದು ಕುಳಿತರು. ಈ ಸಲ ಪ್ರತಿ ಮಗುವಿನ ಪಕ್ಕದಲ್ಲಿ ಅದರ ತಾಯಿ ಇದ್ದಳು. ಪೇಪರಿನ ಚೂರುಗಳು ಮೊದಲು ಅವರ ಕೈಗೆ ಹೋಗಿ, ಎರಡೂ ಬದಿ ಓದಿಸಿಕೊಂಡು, ಆಮೇಲೆ ಕಾಂಚನಮಾಲಾರ ಕೈಗೆ ಬಂದವು. ಕೆಲಸ ನಿಧಾನವಾಯಿತು. ಅಚ್ಚು ತೆಗೆದು ಮುಗಿಸುವ ಹೊತ್ತಿಗೆ ಶಾಲೆಯ ಗಂಟೆ ಹೊಡೆದಿತ್ತು. ನಯನಾ ಮಗಳ ಮುಖವನ್ನು ತಾನೇ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದೊಳಗಿಟ್ಟಳು. "ಜೋಪಾನ," ಎಂದಳು. ನಗಲಿಲ್ಲ.

ವಾಪಸ್ ಬಸ್ಸಿಗೆ ಕಾಯುತ್ತ ನಿಂತಾಗ, ಇಷ್ಟು ಅನುಮಾನ ಇಟ್ಟುಕೊಂಡವರ ಜೊತೆ ಕೆಲಸ ಮಾಡುವುದು ಕಷ್ಟವಲ್ಲವೇ ಎಂದು ಕೇಳಿದೆ. ಕಾಂಚನಮಾಲಾ ಚೀಲವನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವುಚಿಕೊಂಡಿದ್ದರು, ಹಾಲುಗೂಸನ್ನು ಹಿಡಿದವರ ಹಾಗೆ.

"ನಂಬಿ ಕೊಟ್ಟಿದ್ರೆ ಇಷ್ಟು ಜೋಪಾನವಾಗಿ ಹಿಡ್ಕೊಳ್ತಿದ್ನಾ ಗೊತ್ತಿಲ್ಲ. ಅನುಮಾನ ಇಟ್ಕೊಂಡೇ ಕೊಟ್ರು ನೋಡಿ, ಅದು ದೊಡ್ಡದು. ಅರೇಹಳ್ಳಿಯೋರೂ ನನ್ನದೊಂದು ಮುಖ ಒತ್ತೆಗೆ ಕೇಳ್ಲಿ ಅಂತ ಆಸೆ. ಕೇಳಿದ್ರೆ ನಾಳೆ ಬೆಳಗ್ಗೇನೇ ಹೋಗಿ ಕೂರ್ತೀನಿ."